ಒಂದು ರಸೀದಿಗೆ ಒಂದೇ ನಮೂದು: ಪೈಥಾನ್ ಮೂಲಕ ಕಡತಕ್ಕೆ ಬರೆಯುವಾಗ ಪುನರಾವರ್ತನೆಯನ್ನು ತಡೆಯುವ ವಿಧಾನ

(ಗ್ರಾಮ ಪಂಚಾಯತಿಗಳ ಡಾಟಾ ಎಂಟ್ರಿ ಆಪರೇಟರ್‌ಗಳು, ಲೆಕ್ಕ ಸಹಾಯಕರು ಹಾಗೂ ಆಸಕ್ತ ಸಿಬ್ಬಂದಿಗಾಗಿ ಅಭ್ಯಾಸ ಪಾಠ)

ಕೈಬರಹದ ವಹಿಯಲ್ಲಿ ಒಂದೇ ರಸೀದಿಯನ್ನು ಎರಡು ಬಾರಿ ಬರೆಯುವುದು ಅಪರೂಪ. ಬರೆಯುವವರ ಕಣ್ಣು ಮೇಲಿನ ಸಾಲನ್ನು ನೋಡಿರುತ್ತದೆ, ಕೈ ತಾನಾಗಿಯೇ ನಿಲ್ಲುತ್ತದೆ. ಗಣಕಯಂತ್ರಕ್ಕೆ ಆ ನೆನಪಿಲ್ಲ. ನಿನ್ನೆ ಬರೆದದ್ದನ್ನು ಇಂದು ಮತ್ತೆ ಬರೆಯಲು ಹೇಳಿದರೆ ಅದು ಆಕ್ಷೇಪಣೆಯಿಲ್ಲದೆ ಬರೆಯುತ್ತದೆ. ನೆನಪಿಟ್ಟುಕೊಳ್ಳುವ ಕೆಲಸವನ್ನು ಪ್ರೋಗ್ರಾಮಿನೊಳಗೆ ಬರೆದು ಕೊಡುವುದು ಹೇಗೆಂಬುದೇ ಈ ಪಾಠದ ವಿಷಯ.

ಪೈಥಾನ್ ಭಾಷೆಯ ಪದಗಳನ್ನು ಇಲ್ಲಿ ಉಚ್ಚಾರಣೆಗೆ ಅನುಸಾರವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಗಣಕಯಂತ್ರದಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪು ಮಾಡತಕ್ಕದ್ದು. ಪೈಥಾನ್ 3.7 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇದ್ದರೆ ಸಾಕು. ಬೇರಾವ ತಂತ್ರಾಂಶವನ್ನೂ ಅಳವಡಿಸಬೇಕಾಗಿಲ್ಲ. ಇಲ್ಲಿ ಹೇಳಿರುವುದು ಕಚೇರಿಯ ಒಳಬಳಕೆಯ ಪಟ್ಟಿಗಳಿಗೆ ಮಾತ್ರ ಅನ್ವಯಿಸುತ್ತದೆ. ನಿಯಮಾನುಸಾರ ಇಡಬೇಕಾದ ವಹಿಗಳಿಗೂ ಪಂಚತಂತ್ರ ತಂತ್ರಾಂಶದಲ್ಲಿನ ನಮೂದುಗಳಿಗೂ ಇದು ಬದಲಿಯಲ್ಲ.

1. ಸಮಸ್ಯೆಯ ಸ್ವರೂಪ

ಒಂದು ಗ್ರಾಮ ಪಂಚಾಯತಿಯ ನೀರಿನ ಕರ ವಸೂಲಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿದವು. ತಪ್ಪು ಮಾತ್ರ ಯಾವ ಕಚೇರಿಯಲ್ಲಾದರೂ ಆಗಬಹುದಾದದ್ದು.

ಕರ ವಸೂಲಿಗಾರರು ಆ ತಿಂಗಳು 214 ರಸೀದಿಗಳನ್ನು ಹರಿದಿದ್ದರು. ಪ್ರತಿ ರಸೀದಿಗೆ 100 ರೂಪಾಯಿಯಂತೆ ಬ್ಯಾಂಕಿಗೆ ಜಮೆಯಾದ ಮೊತ್ತ 21,400 ರೂಪಾಯಿ. ಆಪರೇಟರ್ ಆ ರಸೀದಿಗಳನ್ನು ಒಂದು ಪಟ್ಟಿಗೆ ಏರಿಸಿ, ಅದನ್ನು ವರ್ಷದ ಕಡತಕ್ಕೆ ಸೇರಿಸುವ ಚಿಕ್ಕ ಪೈಥಾನ್ ಪ್ರೋಗ್ರಾಮನ್ನು ನಡೆಸಿದರು. ಅದೇ ಹೊತ್ತಿಗೆ ವಿದ್ಯುತ್ ಹೋಯಿತು. ಕೆಲಸ ಮುಗಿದಿತ್ತೋ ಇಲ್ಲವೋ ತಿಳಿಯಲಿಲ್ಲ. ವಿದ್ಯುತ್ ಬಂದ ಮೇಲೆ ಅವರು ಪ್ರೋಗ್ರಾಮನ್ನು ಮತ್ತೊಮ್ಮೆ ನಡೆಸಿದರು. ಕಡತದಲ್ಲಿ ಆ ತಿಂಗಳಿಗೆ 428 ಸಾಲುಗಳಾದವು. ಮೊತ್ತ 42,800 ರೂಪಾಯಿ ಎಂದು ಬಂದಿತು.

ಆಪರೇಟರ್ ಅವರದು ತಪ್ಪೆನ್ನಲಾಗದು. ಅನುಮಾನ ಬಂದಾಗ ಮತ್ತೊಮ್ಮೆ ನಡೆಸಿ ನೋಡುವುದು ಸಹಜ. ಎರಡನೆಯ ಬಾರಿ ನಡೆಸಿದರೆ ಕೆಡುವಂತಹ ಪ್ರೋಗ್ರಾಮನ್ನು ಬರೆದಿದ್ದೇ ತಪ್ಪು. ಎಷ್ಟು ಬಾರಿ ನಡೆಸಿದರೂ ಫಲ ಒಂದೇ ಆಗಿರಬೇಕು ಎಂಬುದು ಈ ಪಾಠದ ಮೂಲ ಸೂತ್ರ.

2. ಕಡತವನ್ನು ತೆರೆಯುವ ಬಗೆಗಳು

ಪೈಥಾನ್‌ನಲ್ಲಿ ಕಡತವನ್ನು ತೆರೆಯಲು 'ಓಪನ್' ಎಂಬ ಫಂಕ್ಷನ್ ಇದೆ. ಯಾವ ಉದ್ದೇಶಕ್ಕೆ ತೆರೆಯಲಾಗುತ್ತಿದೆ ಎಂಬುದನ್ನು ಒಂದು ಅಕ್ಷರದ ಮೂಲಕ ತಿಳಿಸಬೇಕು.

'ಆರ್' ಎಂದರೆ ಓದಲು ಮಾತ್ರ.

'ಡಬ್ಲ್ಯೂ' ಎಂದರೆ ಹೊಸದಾಗಿ ಬರೆಯಲು. ಕಡತದಲ್ಲಿ ಮೊದಲೇ ಇದ್ದುದೆಲ್ಲವೂ ತೆರೆದ ಕ್ಷಣದಲ್ಲಿಯೇ ಅಳಿಸಿಹೋಗುತ್ತದೆ. ಒಂದಕ್ಷರವನ್ನೂ ಬರೆಯದೆ ಮುಚ್ಚಿದರೂ ಹಳೆಯದು ಉಳಿಯುವುದಿಲ್ಲ.

'ಎ' ಎಂದರೆ ಕೊನೆಗೆ ಸೇರಿಸಲು. ಹಳೆಯದು ಹಾಗೆಯೇ ಇರುತ್ತದೆ. ಹೊಸದು ಅದರ ಕೆಳಗೆ ಬರುತ್ತದೆ.

'ಎಕ್ಸ್' ಎಂದರೆ ಕಡತವು ಇಲ್ಲದಿದ್ದರೆ ಮಾತ್ರ ಹೊಸದಾಗಿ ರಚಿಸಲು. ಕಡತವು ಮೊದಲೇ ಇದ್ದರೆ ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ.

ಮೇಲಿನ ಉದಾಹರಣೆಯಲ್ಲಿ ಬಳಸಿದ್ದು 'ಎ'. ಆದುದರಿಂದ ಎರಡು ಬಾರಿ ನಡೆಸಿದಾಗ ಎರಡು ಬಾರಿ ಸೇರಿತು. ಹಾಗೆಂದು 'ಎ' ಬದಲಿಗೆ 'ಡಬ್ಲ್ಯೂ' ಹಾಕಿದರೆ ಪುನರಾವರ್ತನೆ ತಪ್ಪುತ್ತದೆ; ಜೊತೆಗೆ ಹಿಂದಿನ ತಿಂಗಳುಗಳ ನಮೂದುಗಳೂ ಹೋಗುತ್ತವೆ. ಪ್ರತಿ ತಿಂಗಳಿಗೂ ಬೇರೆ ಕಡತ ಇಡುವ ಪದ್ಧತಿ ಇದ್ದಲ್ಲಿ ಮಾತ್ರ 'ಎಕ್ಸ್' ಒಳ್ಳೆಯ ಕಾವಲು: ಆ ತಿಂಗಳ ಕಡತವು ಆಗಲೇ ಇದೆ ಎಂಬುದನ್ನು ಯಂತ್ರವೇ ಎಚ್ಚರಿಸುತ್ತದೆ.

'ಎ' ಬಳಸುವಾಗ ಇನ್ನೆರಡು ಸಣ್ಣ ಅಪಾಯಗಳಿವೆ. ಮೊದಲನೆಯದು, ಪಟ್ಟಿಯ ತಲೆಬರಹದ ಸಾಲನ್ನು ಪ್ರತಿ ಬಾರಿಯೂ ಬರೆದರೆ ಕಡತದ ನಡುನಡುವೆ ತಲೆಬರಹಗಳು ಸೇರಿಕೊಳ್ಳುತ್ತವೆ. ಎರಡನೆಯದು, ಹಳೆಯ ಕಡತದ ಕೊನೆಯ ಸಾಲಿನ ಅಂತ್ಯದಲ್ಲಿ ಸಾಲು ಮುರಿಯುವ ಚಿಹ್ನೆ ಇಲ್ಲದಿದ್ದರೆ ಹೊಸ ನಮೂದು ಹಳೆಯ ನಮೂದಿಗೇ ಅಂಟಿಕೊಂಡು, ಎರಡೂ ಕೆಡುತ್ತವೆ.

3. ನಕಲು ಎಂದರೆ ಯಾವುದು?

ಪ್ರೋಗ್ರಾಮನ್ನು ಬರೆಯುವ ಮೊದಲೇ ಈ ಪ್ರಶ್ನೆಗೆ ಉತ್ತರ ಬೇಕು. ಆ ಉತ್ತರವು ಪೈಥಾನ್‌ನಲ್ಲಿಲ್ಲ. ಕಚೇರಿಯ ಕೆಲಸವನ್ನು ಬಲ್ಲವರಲ್ಲಿದೆ.

ಉದಾಹರಣೆಯ ಪಂಚಾಯತಿಯಲ್ಲಿ 428 ಸಾಲುಗಳನ್ನು ಕಂಡ ಸಿಬ್ಬಂದಿಯೊಬ್ಬರು ಅವಸರದ ಪರಿಹಾರವನ್ನು ಕಂಡುಕೊಂಡರು. ಹೆಸರು ಮತ್ತು ಮೊತ್ತ ಎರಡೂ ಒಂದೇ ಆಗಿದ್ದರೆ ಮೊದಲನೆಯದನ್ನು ಉಳಿಸಿ ಉಳಿದವನ್ನು ತೆಗೆದುಹಾಕುವಂತೆ ಪ್ರೋಗ್ರಾಮನ್ನು ಬದಲಿಸಿದರು. ಫಲವಾಗಿ ಉಳಿದದ್ದು 203 ಸಾಲು. ಮೊತ್ತ 20,300 ರೂಪಾಯಿ. ಬ್ಯಾಂಕಿನ ಜಮೆಗಿಂತ 1,100 ರೂಪಾಯಿ ಕಡಿಮೆ. ಈ ವ್ಯತ್ಯಾಸವನ್ನು ಯಾರೂ ಗಮನಿಸಲಿಲ್ಲ. ಅದೇ ಕಡತದಿಂದ ಬಾಕಿದಾರರ ಪಟ್ಟಿಯನ್ನು ತೆಗೆದು ಸೂಚನಾ ಫಲಕಕ್ಕೆ ಅಂಟಿಸಲಾಯಿತು.

ಮರುದಿನ ಬೆಳಗ್ಗೆ ಒಬ್ಬ ವೃದ್ಧೆ ಸೆರಗಿನ ಗಂಟಿನಿಂದ ಮಡಿಸಿದ ರಸೀದಿಯನ್ನು ಬಿಚ್ಚಿ ಆಪರೇಟರ್ ಮುಂದೆ ಇಟ್ಟರು.

"ನೋಡವ್ವ, ದುಡ್ಡು ಕಟ್ಟಿ ಚೀಟಿನೂ ಇಸ್ಕೊಂಡಿವ್ನಿ. ಬೋರ್ಡ್‌ನಾಗೆ ನನ್ನ ಹೆಸರು ಯಾಕವ್ವ ಹಾಕಿದ್ದೀರಿ?"

"ಕೂತ್ಕೊಳ್ಳಿ ಅಜ್ಜಿ, ನೋಡ್ತೀನಿ."

ಕಡತದಲ್ಲಿ ಲಕ್ಷ್ಮಮ್ಮ ಎಂಬ ಹೆಸರು ಇತ್ತು, 100 ರೂಪಾಯಿಯೂ ಇತ್ತು. ಆದರೆ ಅದು ಮೇಗಲಕೇರಿಯ ಲಕ್ಷ್ಮಮ್ಮನವರದು. ಫಲಕದ ಮುಂದೆ ನಿಂತು ಹೆಸರನ್ನು ಓದಿಸಿಕೊಂಡು ಬಂದವರು ಕೆಳಗಲಕೇರಿಯ ಲಕ್ಷ್ಮಮ್ಮ. ಇಬ್ಬರೂ ಕರ ಕಟ್ಟಿದ್ದರು. ಯಂತ್ರವು ಇಬ್ಬರನ್ನು ಒಬ್ಬರನ್ನಾಗಿ ಮಾಡಿತ್ತು.

ರಸೀದಿ ಪುಸ್ತಕದ ಕಚೇರಿ ಪ್ರತಿಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ ಕಳೆದುಹೋದ 11 ನಮೂದುಗಳು ಸಿಕ್ಕವು. ಅವುಗಳಲ್ಲಿ 7 ಹೀಗೆಯೇ ಒಂದೇ ಹೆಸರಿನ ಬೇರೆ ವ್ಯಕ್ತಿಗಳದ್ದು. ಉಳಿದ 4 ಒಬ್ಬರೇ ಎರಡು ರಸೀದಿ ಪಡೆದವರದ್ದು: ಒಂದು ಹಿಂದಿನ ತಿಂಗಳ ಬಾಕಿಗೆ, ಇನ್ನೊಂದು ಚಾಲ್ತಿ ತಿಂಗಳಿಗೆ. ಬಾಕಿಯನ್ನು ತೀರಿಸಿದವರೇ ಬಾಕಿದಾರರಾಗಿ ಕಾಣಿಸಿಕೊಂಡಿದ್ದರು.

ನಕಲು ಉಳಿದರೆ ಮೊತ್ತವು ಹೆಚ್ಚಾಗಿ ಕಾಣುತ್ತದೆ. ಲೆಕ್ಕ ತಾಳೆ ನೋಡುವಾಗ ಒಂದು ದಿನ ಸಿಕ್ಕಿಬೀಳುತ್ತದೆ. ನಿಜವಾದ ನಮೂದು ನಕಲೆಂದು ಅಳಿಸಿದರೆ ಅದರ ಹೊರೆಯನ್ನು ಕರ ಕಟ್ಟಿದವರು ಹೊರಬೇಕಾಗುತ್ತದೆ. ರಸೀದಿಯನ್ನು ಜೋಪಾನ ಮಾಡದವರು ಏನನ್ನು ತೋರಿಸಬೇಕು? ಆದುದರಿಂದ ನಕಲನ್ನು ತೆಗೆಯುವಾಗ, ನಕಲನ್ನು ಉಳಿಸುವಾಗಿನದಕ್ಕಿಂತ ಹೆಚ್ಚಿನ ಎಚ್ಚರ ಬೇಕು.

4. ಗುರುತಿನ ಆಯ್ಕೆ

ಒಂದು ನಮೂದನ್ನು ಬೇರೆಲ್ಲ ನಮೂದುಗಳಿಂದ ಪ್ರತ್ಯೇಕಿಸುವ ಅಂಶಕ್ಕೆ 'ಕೀ' ಎನ್ನುತ್ತಾರೆ. ಇಲ್ಲಿ 'ಗುರುತು' ಎಂದು ಕರೆಯಲಾಗಿದೆ. ನೀರಿನ ಕರದ ನಮೂದಿಗೆ ಯಾವುದು ಗುರುತಾಗಬಲ್ಲದು ಎಂಬುದನ್ನು ಪರಿಶೀಲಿಸಬಹುದು.

ಹೆಸರು ಗುರುತಾಗಲಾರದು, ಒಂದೇ ಹೆಸರಿನವರು ಹಲವರು. ನಳ ಸಂಪರ್ಕ ಸಂಖ್ಯೆ ಮಾತ್ರವೇ ಆಗಲಾರದು. ಅದು ಪ್ರತಿ ತಿಂಗಳೂ ಮರಳಿ ಬರುತ್ತದೆ. ನಳ ಸಂಖ್ಯೆ ಮತ್ತು ತಿಂಗಳು ಸೇರಿದರೂ ಸಾಲದು. ಒಂದು ತಿಂಗಳ ಕರವನ್ನು ಎರಡು ಕಂತಿನಲ್ಲಿ ಕಟ್ಟುವವರಿದ್ದಾರೆ. ರಸೀದಿ ಸಂಖ್ಯೆ ಮಾತ್ರವೂ ಸಾಲದು. ಪ್ರತಿ ಪುಸ್ತಕದಲ್ಲಿ ಸಂಖ್ಯೆ 1 ರಿಂದ ಆರಂಭವಾಗುವುದಾದರೆ 12 ಎಂಬ ರಸೀದಿಗಳು ಹಲವಿರುತ್ತವೆ. ರಸೀದಿ ಪುಸ್ತಕದ ಸಂಖ್ಯೆ ಮತ್ತು ರಸೀದಿ ಸಂಖ್ಯೆ ಎರಡೂ ಸೇರಿದಾಗ ಮಾತ್ರ ಗುರುತು ಸಿದ್ಧವಾಗುತ್ತದೆ. ಪುಸ್ತಕದ ಸಂಖ್ಯೆಯೂ ವರ್ಷಕ್ಕೊಮ್ಮೆ ಹೊಸದಾಗಿ ಆರಂಭವಾಗುವುದಾದರೆ ಆರ್ಥಿಕ ವರ್ಷವನ್ನೂ ಸೇರಿಸತಕ್ಕದ್ದು. ಆಧಾರ್ ಸಂಖ್ಯೆಯನ್ನು ಇಂತಹ ಕಡತಗಳಲ್ಲಿ ಗುರುತಾಗಿ ಇಡುವುದು ಸಲ್ಲದು. ರಸೀದಿಯನ್ನು ಗುರುತಿಸಲು ರಸೀದಿಯ ಸಂಖ್ಯೆಯೇ ಸಾಕು.

ಎರಡು ಸಂಖ್ಯೆಗಳನ್ನು ಅಕ್ಷರಗಳಂತೆ ಅಂಟಿಸಿ ಗುರುತು ಮಾಡಬಾರದು. ಪುಸ್ತಕ 1, ರಸೀದಿ 12 ಅಂಟಿಸಿದರೆ 112 ಆಗುತ್ತದೆ. ಪುಸ್ತಕ 11, ರಸೀದಿ 2 ಅಂಟಿಸಿದರೂ 112. ಬೇರೆ ಎರಡು ರಸೀದಿಗಳು ಒಂದಾಗಿಬಿಡುತ್ತವೆ. ಇದಕ್ಕೆ ಪೈಥಾನ್‌ನಲ್ಲಿ 'ಟಪಲ್' ಇದೆ. ದುಂಡು ಕಂಸದೊಳಗೆ ಅಲ್ಪವಿರಾಮ ಹಾಕಿ (1, 12) ಎಂದು ಬರೆದರೆ ಅದು (11, 2) ಎಂಬುದರಿಂದ ಎಂದಿಗೂ ಬೇರೆಯೇ. ಚೌಕ ಕಂಸದ 'ಲಿಸ್ಟ್' ಇಲ್ಲಿ ಉಪಯೋಗಕ್ಕೆ ಬಾರದು. ಅದನ್ನು ಬದಲಾಯಿಸಲು ಸಾಧ್ಯವಿರುವುದರಿಂದ ಪೈಥಾನ್ ಅದನ್ನು ಗುರುತಾಗಿ ಸ್ವೀಕರಿಸುವುದಿಲ್ಲ.

5. ಮೊದಲೇ ಇದೆಯೇ ಎಂದು ಹುಡುಕುವುದು

ಹೊಸ ನಮೂದನ್ನು ಬರೆಯುವ ಮುನ್ನ ಅದರ ಗುರುತು ಕಡತದಲ್ಲಿ ಇದೆಯೇ ಎಂದು ನೋಡಬೇಕು. ಇದಕ್ಕೆ ಮೂರು ದಾರಿಗಳು ಬಳಕೆಯಲ್ಲಿವೆ.

ಮೊದಲನೆಯದು, ಇಡೀ ಕಡತವನ್ನು ಒಂದೇ ಉದ್ದ ಪಠ್ಯವಾಗಿ ಓದಿ, ಅದರೊಳಗೆ ಬೇಕಾದ ಅಂಕಿಗಳು ಎಲ್ಲಾದರೂ ಇವೆಯೇ ಎಂದು 'ಇನ್' ಪದದಿಂದ ಕೇಳುವುದು. ಬರೆಯಲು ಸುಲಭ, ಆದರೆ ತಪ್ಪು ದಾರಿ. '7,12' ಎಂಬುದನ್ನು ಹುಡುಕಿದರೆ '17,123' ಎಂಬ ಸಾಲಿನೊಳಗೂ ಅದು ಸಿಗುತ್ತದೆ. ಬರೆಯಬೇಕಾದ ರಸೀದಿಯನ್ನು ಪ್ರೋಗ್ರಾಮು ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಎರಡನೆಯದು, ಗುರುತುಗಳನ್ನು 'ಲಿಸ್ಟ್'ನಲ್ಲಿ ಇಟ್ಟು ಹುಡುಕುವುದು. ಉತ್ತರ ಸರಿಯಾಗಿರುತ್ತದೆ, ಆದರೆ ಯಂತ್ರವು ಮೊದಲಿನಿಂದ ಒಂದೊಂದನ್ನೇ ಹೋಲಿಸುತ್ತಾ ಹೋಗುತ್ತದೆ. ತಿಂಗಳಿಗೆ 214 ರಂತೆ ವರ್ಷಕ್ಕೆ 2,568 ರಸೀದಿಗಳಾದರೆ, ಪ್ರತಿಯೊಂದನ್ನೂ ಅದಕ್ಕೆ ಮುಂಚಿನ ಎಲ್ಲದರೊಂದಿಗೆ ಹೋಲಿಸಲು ಸುಮಾರು 33 ಲಕ್ಷ ಹೋಲಿಕೆಗಳು ಬೇಕು. ಒಂದು ಪಂಚಾಯತಿಗೆ ಇದು ಹೊರೆಯಲ್ಲ. ತಾಲ್ಲೂಕಿನ ಎಲ್ಲ ಪಂಚಾಯತಿಗಳ ಕಡತಗಳನ್ನು ಕೂಡಿಸುವಾಗ ಯಂತ್ರವು ನಿಧಾನಿಸುವುದು ಕಣ್ಣಿಗೆ ಕಾಣುತ್ತದೆ.

ಮೂರನೆಯದು, ಗುರುತುಗಳನ್ನು 'ಸೆಟ್' ಅಥವಾ 'ಡಿಕ್ಷನರಿ'ಯಲ್ಲಿ ಇಡುವುದು. ಇವು ಗುರುತಿನಿಂದಲೇ ಅದು ಇರಬೇಕಾದ ಜಾಗವನ್ನು ಲೆಕ್ಕ ಹಾಕುತ್ತವೆ. ಅಂಚೆ ಕಚೇರಿಯಲ್ಲಿ ಪತ್ರಗಳನ್ನು ಊರಿನ ಹೆಸರು ನೋಡಿ ನೇರವಾಗಿ ಆಯಾ ಖಾನೆಗೆ ಹಾಕುವಂತೆ, ಯಂತ್ರವೂ ನೇರವಾಗಿ ಖಾನೆಗೆ ಹೋಗಿ ನೋಡುತ್ತದೆ. ನಮೂದುಗಳು ನೂರಿದ್ದರೂ ಲಕ್ಷವಿದ್ದರೂ ಒಂದು ಹುಡುಕಾಟಕ್ಕೆ ಬೇಕಾಗುವ ಕಾಲವು ಸಾಮಾನ್ಯವಾಗಿ ಒಂದೇ.

'ಸೆಟ್'ನಲ್ಲಿ ಒಂದು ಮಿತಿಯಿದೆ: ಅದು ಕ್ರಮವನ್ನು ಕಾಯುವುದಿಲ್ಲ. ಸಾಲುಗಳನ್ನೇ 'ಸೆಟ್'ಗೆ ಹಾಕಿ, ಅಲ್ಲಿಂದ ಕಡತಕ್ಕೆ ಬರೆದರೆ ರಸೀದಿಗಳು ಕಲಸಿಹೋಗುತ್ತವೆ. 'ಡಿಕ್ಷನರಿ'ಯಾದರೋ, ಸೇರಿಸಿದ ಕ್ರಮವನ್ನು ಪೈಥಾನ್ 3.7 ರಿಂದ ಖಚಿತವಾಗಿ ಉಳಿಸಿಕೊಳ್ಳುತ್ತದೆ. ವಹಿಯಲ್ಲಿ ಕ್ರಮಕ್ಕೆ ಬೆಲೆ ಇರುವುದರಿಂದ ಈ ಪಾಠದಲ್ಲಿ 'ಡಿಕ್ಷನರಿ'ಯನ್ನೇ ಆರಿಸಲಾಗಿದೆ.

6. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಗುರುತು ಸರಿಯಾಗಿದ್ದರೂ ಹೋಲಿಕೆ ತಪ್ಪುವ ಸಂದರ್ಭಗಳಿವೆ. ಪರದೆಯ ಮೇಲೆ ಎರಡು ಬರಹಗಳು ಒಂದೇ ಆಗಿ ಕಂಡರೂ ಯಂತ್ರದ ಒಳಗೆ ಅವು ಬೇರೆಯಾಗಿರಬಹುದು.

ಅ) ಖಾಲಿ ಜಾಗ: '12' ಮತ್ತು ಕೊನೆಯಲ್ಲಿ ಖಾಲಿ ಜಾಗವಿರುವ '12 ' ಯಂತ್ರಕ್ಕೆ ಎರಡು. ಸಾಲಿನ ಕೊನೆಯಲ್ಲಿ ಉಳಿಯುವ ಸಾಲು ಮುರಿಯುವ ಚಿಹ್ನೆಯೂ ಹಾಗೆಯೇ. 'ಸ್ಟ್ರಿಪ್' ಎಂಬ ವಿಧಾನವು ಎರಡೂ ತುದಿಗಳನ್ನು ಸ್ವಚ್ಛಗೊಳಿಸುತ್ತದೆ.

ಆ) ಅಂಕಿಗಳು: '೧೨', '12', '0012' ಮೂರೂ ಒಂದೇ ಸಂಖ್ಯೆ, ಆದರೆ ಅಕ್ಷರಗಳಾಗಿ ಹೋಲಿಸಿದರೆ ಮೂರೂ ಬೇರೆ. 'ಇಂಟ್' ಫಂಕ್ಷನ್ ಕನ್ನಡ ಅಂಕಿಗಳನ್ನೂ ಅರಿಯುತ್ತದೆ. ಮೂರಕ್ಕೂ 12 ಎಂಬ ಒಂದೇ ಉತ್ತರವನ್ನು ಕೊಡುತ್ತದೆ. ರಸೀದಿ ಸಂಖ್ಯೆಗೆ ಇದು ಸರಿ. '12/ಎ' ಎಂಬಂತಹ ಮನೆ ಸಂಖ್ಯೆಗೆ ಇದು ಒಗ್ಗುವುದಿಲ್ಲ.

ಇ) ಕನ್ನಡದ ಸ್ವರಚಿಹ್ನೆಗಳು: 'ಕೋ' ಎಂಬುದನ್ನು ಯೂನಿಕೋಡ್‌ನಲ್ಲಿ 'ಕ' ಮತ್ತು ಒಂದು ಚಿಹ್ನೆಯಾಗಿ, ಅಂದರೆ 2 ಘಟಕಗಳಾಗಿ ಇಡಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘ ಚಿಹ್ನೆಗಳನ್ನು ಬಿಡಿಬಿಡಿಯಾಗಿ ಸೇರಿಸಿ 4 ಘಟಕಗಳಾಗಿಯೂ ಇಡಬಹುದು. ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದಾಗ ಇಂತಹ ಭೇದಗಳು ನುಸುಳುವ ಸಂಭವವಿದೆ. 'ಯೂನಿಕೋಡ್‌ಡೇಟಾ' ಎಂಬ ಮಾಡ್ಯೂಲಿನ 'ನಾರ್ಮಲೈಜ್' ಫಂಕ್ಷನ್‌ಗೆ 'ಎನ್‌ಎಫ್‌ಸಿ' ಎಂಬ ರೂಪವನ್ನು ಸೂಚಿಸಿದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ.

ಈ) ಕಾಣದ ಚಿಹ್ನೆಗಳು: 'ರಾಜ್‌ಕುಮಾರ' ಎಂದು ಒತ್ತಕ್ಷರವಾಗದಂತೆ ಬರೆಯಲು ನಡುವೆ ಒಂದು ಕಾಣದ ಚಿಹ್ನೆಯನ್ನು ಹಾಕಬೇಕಾಗುತ್ತದೆ. ಇದು ಪದದ ಕೊನೆಯಲ್ಲಿ ಉಳಿದುಬಿಟ್ಟರೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ. 'ಸ್ಟ್ರಿಪ್' ಇದನ್ನು ಖಾಲಿ ಜಾಗವೆಂದು ಪರಿಗಣಿಸುವುದಿಲ್ಲ. 'ನಾರ್ಮಲೈಜ್' ಕೂಡ ತೆಗೆಯುವುದಿಲ್ಲ. 'ರೀಪ್ಲೇಸ್' ವಿಧಾನದಿಂದ ಪ್ರತ್ಯೇಕವಾಗಿ ತೆಗೆಯಬೇಕು.

ಇಂತಹ ಶುದ್ಧೀಕರಣವನ್ನು ಹೋಲಿಕೆಗಾಗಿ ಮಾಡಿಕೊಂಡ ಪ್ರತಿಯ ಮೇಲೆ ಮಾತ್ರ ಮಾಡತಕ್ಕದ್ದು. ಕಡತದಲ್ಲಿ ಉಳಿಯುವ ಹೆಸರು ರಸೀದಿಯಲ್ಲಿ ಬರೆದಂತೆಯೇ ಇರಬೇಕು. ವ್ಯಕ್ತಿಯ ಹೆಸರಿನ ಕಾಗುಣಿತವನ್ನು ತಿದ್ದುವ ಅಧಿಕಾರವು ಪ್ರೋಗ್ರಾಮಿಗಿಲ್ಲ.

7. ಪ್ರೋಗ್ರಾಮಿನ ಹಂತಗಳು

ಮೇಲಿನ ಎಲ್ಲವನ್ನೂ ಕೂಡಿಸಿದಾಗ ಪ್ರೋಗ್ರಾಮು ಈ ಕೆಳಗಿನ ಕ್ರಮದಲ್ಲಿ ರೂಪುಗೊಳ್ಳುತ್ತದೆ.

ಹಂತ 1: 'ಸಿಎಸ್‌ವಿ' ಮಾಡ್ಯೂಲಿನ 'ಡಿಕ್ಟ್‌ರೀಡರ್' ಮೂಲಕ ವರ್ಷದ ಕಡತವನ್ನು ಓದಬೇಕು. ಪ್ರತಿ ಸಾಲಿಗೂ ಗುರುತನ್ನು ರಚಿಸಿ, ಗುರುತು ಒಂದೆಡೆ, ಇಡೀ ಸಾಲು ಇನ್ನೊಂದೆಡೆ ಇರುವಂತೆ ಡಿಕ್ಷನರಿಯಲ್ಲಿ ಇಡಬೇಕು. ಮೊದಲ ತಿಂಗಳಾಗಿದ್ದು ಕಡತವೇ ಇಲ್ಲದಿದ್ದರೆ ಡಿಕ್ಷನರಿ ಖಾಲಿಯಾಗಿಯೇ ಆರಂಭವಾಗಬೇಕು.

ಹಂತ 2: ಹೊಸ ಪಟ್ಟಿಯನ್ನು ಒಂದೊಂದೇ ಸಾಲಾಗಿ ಓದಿ, ಅದೇ ಫಂಕ್ಷನ್ ಬಳಸಿ ಗುರುತನ್ನು ರಚಿಸಬೇಕು. ಹಳೆಯದಕ್ಕೆ ಒಂದು ರೀತಿ, ಹೊಸದಕ್ಕೆ ಇನ್ನೊಂದು ರೀತಿಯಲ್ಲಿ ಗುರುತು ರಚಿಸಿದರೆ ಹೋಲಿಕೆ ತಪ್ಪುತ್ತದೆ.

ಹಂತ 3: ಪುಸ್ತಕ ಸಂಖ್ಯೆ ಅಥವಾ ರಸೀದಿ ಸಂಖ್ಯೆ ಖಾಲಿಯಿದ್ದರೆ, ಇಲ್ಲವೇ ಸಂಖ್ಯೆಯಾಗಿ ಓದಲು ಬಾರದಿದ್ದರೆ, ಆ ಸಾಲನ್ನು 'ಪರಿಶೀಲನೆ' ಎಂಬ ಪಟ್ಟಿಗೆ ಹಾಕಬೇಕು. ಖಾಲಿ ಗುರುತುಗಳನ್ನು ಹಾಗೆಯೇ ಬಿಟ್ಟರೆ ಅವೆಲ್ಲವೂ ಒಂದಕ್ಕೊಂದು ನಕಲೆಂದು ಪರಿಗಣಿತವಾಗಿ, ಮೊದಲನೆಯದು ಮಾತ್ರ ಉಳಿಯುತ್ತದೆ.

ಹಂತ 4: ಗುರುತು ಡಿಕ್ಷನರಿಯಲ್ಲಿ ಇಲ್ಲದಿದ್ದರೆ ಅದು ಹೊಸ ನಮೂದು. ಕೂಡಲೇ ಡಿಕ್ಷನರಿಗೆ ಸೇರಿಸಬೇಕು. ಇದನ್ನು ಮರೆತರೆ ಹೊಸ ಪಟ್ಟಿಯೊಳಗೇ ಎರಡು ಬಾರಿ ಟೈಪಾದ ರಸೀದಿ ಸಿಕ್ಕಿಬೀಳುವುದಿಲ್ಲ.

ಹಂತ 5: ಗುರುತು ಇದ್ದು, ದಿನಾಂಕ, ನಳ ಸಂಖ್ಯೆ, ಮೊತ್ತ ಮೂರೂ ಹೊಂದಿದರೆ ಅದು ನಿಜವಾದ ನಕಲು. ಎಣಿಕೆಗೆ ಸೇರಿಸಿ ಬಿಡಬೇಕು.

ಹಂತ 6: ಗುರುತು ಇದ್ದು, ಆ ಮೂರರಲ್ಲಿ ಯಾವುದಾದರೂ ಹೊಂದದಿದ್ದರೆ ಅದು ನಕಲಲ್ಲ, ವಿರೋಧ. ಎಲ್ಲಿಯೋ ಒಂದು ಅಂಕಿ ತಪ್ಪಾಗಿದೆ. ಯಾವುದು ಸರಿ ಎಂಬುದನ್ನು ಯಂತ್ರ ತೀರ್ಮಾನಿಸಬಾರದು. ಸಾಲನ್ನು 'ಪರಿಶೀಲನೆ' ಪಟ್ಟಿಗೆ ಹಾಕಿ, ರಸೀದಿಯ ಕಚೇರಿ ಪ್ರತಿಯನ್ನು ನೋಡಿ ಸಿಬ್ಬಂದಿಯೇ ತೀರ್ಮಾನಿಸತಕ್ಕದ್ದು.

ಹಂತ 7: ಡಿಕ್ಷನರಿಯಲ್ಲಿರುವ ಎಲ್ಲ ಸಾಲುಗಳನ್ನೂ ತಲೆಬರಹದೊಂದಿಗೆ ಬರೆದು, ಕೊನೆಯಲ್ಲಿ ಎಣಿಕೆಗಳನ್ನು ತೆರೆಯ ಮೇಲೆ ತೋರಿಸಬೇಕು.

8. ಸುರಕ್ಷಿತವಾಗಿ ಬರೆಯುವುದು

7ನೇ ಹಂತದಲ್ಲಿ ಮೂಲ ಕಡತವನ್ನೇ 'ಡಬ್ಲ್ಯೂ' ಎಂದು ತೆರೆದರೆ, ತೆರೆದ ಕ್ಷಣದಲ್ಲಿ ಹಳೆಯದು ಅಳಿದಿರುತ್ತದೆ. ಆ ಹೊತ್ತಿನಲ್ಲಿ ವಿದ್ಯುತ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಆದುದರಿಂದ ಅದೇ ಫೋಲ್ಡರಿನಲ್ಲಿ ಒಂದು ತಾತ್ಕಾಲಿಕ ಕಡತಕ್ಕೆ ಎಲ್ಲವನ್ನೂ ಬರೆದು ಮುಚ್ಚಿ, ಅನಂತರ 'ಓಎಸ್' ಮಾಡ್ಯೂಲಿನ 'ರೀಪ್ಲೇಸ್' ಫಂಕ್ಷನ್ ಮೂಲಕ ಅದನ್ನು ಮೂಲ ಕಡತದ ಹೆಸರಿಗೆ ಬದಲಿಸಬೇಕು. ಬರೆಯುವ ನಡುವೆ ಕೆಲಸ ನಿಂತರೂ ಹಳೆಯ ಕಡತ ಹಾಗೆಯೇ ಇರುತ್ತದೆ. ಕಡತವನ್ನು 'ವಿತ್' ಪದದೊಂದಿಗೆ ತೆರೆದರೆ ಕೆಲಸ ಮುಗಿದೊಡನೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಬರೆಯುವಾಗ ಗಮನಿಸಬೇಕಾದ ಇನ್ನು ಮೂರು ಅಂಶಗಳು:

'ಎನ್‌ಕೋಡಿಂಗ್' ಯುಟಿಎಫ್-8 ಎಂದು ಸ್ಪಷ್ಟವಾಗಿ ಸೂಚಿಸಬೇಕು. ಎಕ್ಸೆಲ್‌ನಿಂದ ಯುಟಿಎಫ್-8 ರೂಪದಲ್ಲಿ ಉಳಿಸಿದ ಸಿಎಸ್‌ವಿ ಕಡತದ ಆರಂಭದಲ್ಲಿ ಒಂದು ಕಾಣದ ಗುರುತು ಇರುತ್ತದೆ. ಅದನ್ನು ತೆಗೆಯದೆ ಓದಿದರೆ ಮೊದಲ ಕಾಲಮ್ಮಿನ ಹೆಸರು ಹೊಂದುವುದಿಲ್ಲ. ಓದುವಾಗ 'ಯುಟಿಎಫ್-8-ಸಿಗ್' ಎಂದು ಸೂಚಿಸಿದರೆ ಈ ತೊಡಕು ನಿವಾರಣೆಯಾಗುತ್ತದೆ.

'ಓಪನ್'ನಲ್ಲಿ 'ನ್ಯೂಲೈನ್' ಎಂಬುದಕ್ಕೆ ಖಾಲಿ ಉದ್ಧರಣ ಚಿಹ್ನೆಯನ್ನು ಕೊಡಬೇಕು. ಕೊಡದಿದ್ದರೆ ವಿಂಡೋಸ್ ಯಂತ್ರಗಳಲ್ಲಿ ಪ್ರತಿ ನಮೂದಿನ ನಡುವೆ ಒಂದೊಂದು ಖಾಲಿ ಸಾಲು ಬರುತ್ತದೆ.

ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಮತ್ತೆ ಉಳಿಸಬಾರದು. '12/3' ಎಂಬ ಮನೆ ಸಂಖ್ಯೆಯನ್ನು ಅದು ದಿನಾಂಕವೆಂದು ತಿಳಿದು ಬದಲಿಸುವುದುಂಟು. ಸಂಖ್ಯೆಯ ಮುಂದಿನ ಸೊನ್ನೆಗಳನ್ನೂ ತೆಗೆಯುತ್ತದೆ.

9. ಇಬ್ಬರು ಒಟ್ಟಿಗೆ ಬರೆಯುವಾಗ

ಎರಡು ಯಂತ್ರಗಳಿಂದ ಇಬ್ಬರು ಒಂದೇ ಕಡತಕ್ಕೆ ಒಟ್ಟಿಗೆ ಬರೆಯುವ ಪರಿಸ್ಥಿತಿ ಇದ್ದರೆ ಮೇಲಿನ ವಿಧಾನವು ಸಾಲದು. ಇಬ್ಬರೂ ಒಂದೇ ಸಮಯಕ್ಕೆ ಓದಿ, 'ಈ ರಸೀದಿ ಇಲ್ಲ' ಎಂಬ ಉತ್ತರ ಪಡೆದು, ಇಬ್ಬರೂ ಬರೆಯಬಹುದು. ಅಥವಾ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿ ಬರೆಯಬಹುದು. ಬರೆಯುವ ಕೆಲಸವನ್ನು ಒಬ್ಬರಿಗೇ, ಒಂದೇ ಯಂತ್ರಕ್ಕೇ ವಹಿಸುವುದು ಸರಳ ಪರಿಹಾರ. ಪಟ್ಟಿಗಳನ್ನು ಎಷ್ಟು ಜನ ಬೇಕಾದರೂ ಸಿದ್ಧಪಡಿಸಲಿ, ಸೇರಿಸುವವರು ಒಬ್ಬರೇ ಇರಲಿ.

ಕಡತವು ದೊಡ್ಡದಾಗುತ್ತಾ ಹೋದರೆ ಪೈಥಾನ್ ಜೊತೆಯಲ್ಲಿಯೇ ಬರುವ 'ಎಸ್‌ಕ್ಯೂಲೈಟ್3' ಮಾಡ್ಯೂಲನ್ನು ಬಳಸಬಹುದು. ಅದರಲ್ಲಿ ಕೋಷ್ಟಕವನ್ನು ರಚಿಸುವಾಗಲೇ ಪುಸ್ತಕ ಸಂಖ್ಯೆ ಮತ್ತು ರಸೀದಿ ಸಂಖ್ಯೆಯ ಜೋಡಿಯು 'ಯುನೀಕ್' ಎಂದು ಘೋಷಿಸಿದರೆ, ಅದೇ ಜೋಡಿಯ ಎರಡನೆಯ ನಮೂದನ್ನು ಕೋಷ್ಟಕವೇ ತಿರಸ್ಕರಿಸುತ್ತದೆ. ಇಲ್ಲಿ 'ಇನ್ಸರ್ಟ್ ಆರ್ ಇಗ್ನೋರ್' ಎಂಬ ಆಜ್ಞೆಯನ್ನು ಎಚ್ಚರದಿಂದ ಬಳಸಬೇಕು: ಅದು 6ನೇ ಹಂತದ ವಿರೋಧವನ್ನೂ ನಕಲೆಂದೇ ತಿಳಿದು ಮೌನವಾಗಿ ಬಿಡುತ್ತದೆ. ಈ ದತ್ತಾಂಶ ಕಡತವನ್ನೂ ಒಂದೇ ಯಂತ್ರದಲ್ಲಿ ಇಡುವುದು ಕ್ಷೇಮ. ಜಾಲದ ಹಂಚಿಕೆಯ ಫೋಲ್ಡರಿನಲ್ಲಿ ಇಟ್ಟು ಹಲವರು ಬರೆಯುವುದು ಅದಕ್ಕೆ ಒಗ್ಗುವುದಿಲ್ಲ.

10. ತಾಳೆ

ಪ್ರೋಗ್ರಾಮು ಸರಿಯಾಗಿದೆ ಎಂಬುದಕ್ಕೆ ಆಧಾರ ಬೇಕು. ಎರಡು ತಾಳೆಗಳು ಸಾಕಾಗುತ್ತವೆ.

ಒಂದು, ಎಣಿಕೆಯ ತಾಳೆ: ಓದಿದ ಸಾಲುಗಳು = ಹೊಸವು + ನಕಲುಗಳು + ಪರಿಶೀಲನೆಗೆ ಹೋದವು. ಇದು ಹೊಂದದಿದ್ದರೆ ಯಾವುದೋ ಸಾಲು ದಾರಿಯಲ್ಲಿ ಕಳೆದಿದೆ ಎಂದರ್ಥ.

ಎರಡು, ಮೊತ್ತದ ತಾಳೆ: ಕಡತದ ಮೊತ್ತವು ಬ್ಯಾಂಕಿನ ಜಮಾ ಚಲನ್‌ನ ಮೊತ್ತಕ್ಕೆ ಸಮನಾಗಿರಬೇಕು. ಈ ತಾಳೆಯು ಯಂತ್ರದ ಹೊರಗಿನದು; ಆದುದರಿಂದಲೇ ಅದಕ್ಕೆ ಬೆಲೆ ಹೆಚ್ಚು.

ಉದಾಹರಣೆಯ ಪಂಚಾಯತಿಯಲ್ಲಿ ಪ್ರೋಗ್ರಾಮನ್ನು ಈ ರೀತಿ ತಿದ್ದಿ, ಆ ತಿಂಗಳ ಸಾಲುಗಳನ್ನು ತೆಗೆದು ಹೊಸದಾಗಿ ನಡೆಸಲಾಯಿತು. ಮೊದಲ ಬಾರಿ: ಓದಿದ್ದು 214, ಹೊಸವು 214, ನಕಲು 0, ಪರಿಶೀಲನೆ 0. ಬೇಕೆಂದೇ ಎರಡನೆಯ ಬಾರಿ ನಡೆಸಿದಾಗ: ಓದಿದ್ದು 214, ಹೊಸವು 0, ನಕಲು 214, ಪರಿಶೀಲನೆ 0. ಎರಡೂ ಬಾರಿ ಆ ತಿಂಗಳ ಮೊತ್ತ 21,400 ರೂಪಾಯಿಯೇ. ಬಾಕಿ ಪಟ್ಟಿಯನ್ನು ಹೊಸದಾಗಿ ತೆಗೆದು, ಹಳೆಯ ಪಟ್ಟಿಯಲ್ಲಿ ತಪ್ಪಾಗಿ ಬಂದಿದ್ದ ಹೆಸರುಗಳ ತಿದ್ದುಪಡಿಯನ್ನು ಅದೇ ಫಲಕದ ಮೇಲೆ, ಅದೇ ಅಳತೆಯ ಅಕ್ಷರಗಳಲ್ಲಿ ಪ್ರಕಟಿಸಲಾಯಿತು. ಎಲ್ಲರೂ ಓದುವ ಜಾಗದಲ್ಲಿ ಬಂದ ಹೆಸರನ್ನು ಎಲ್ಲರೂ ಓದುವ ಜಾಗದಲ್ಲಿಯೇ ತಿದ್ದುವುದು ನ್ಯಾಯ.

ಅಭ್ಯಾಸ

1) ಒಂದು ಪಂಚಾಯತಿಯಲ್ಲಿ ಮನೆ ಕಂದಾಯದ ನಮೂದಿಗೆ ಆಸ್ತಿ ಸಂಖ್ಯೆಯನ್ನು ಮಾತ್ರ ಗುರುತಾಗಿ ಇಟ್ಟರೆ ಎರಡನೆಯ ವರ್ಷ ಏನಾಗುತ್ತದೆ? ಗುರುತಿಗೆ ಏನನ್ನು ಸೇರಿಸಬೇಕು?

2) 'ಓದಿದ್ದು 180, ಹೊಸವು 171, ನಕಲು 5, ಪರಿಶೀಲನೆ 3' ಎಂದು ಪ್ರೋಗ್ರಾಮು ತೋರಿಸಿದೆ. ಈ ಕಡತವನ್ನು ಒಪ್ಪಿಕೊಳ್ಳಬಹುದೇ? ಕಾರಣ ಕೊಡಿ.

3) ಗ್ರಾಮ ಸಭೆಯ ಹಾಜರಿ ಪಟ್ಟಿಯಲ್ಲಿ ರಸೀದಿಯಂತಹ ಸಂಖ್ಯೆ ಇರುವುದಿಲ್ಲ. ಒಂದೇ ಹೆಸರು ಎರಡು ಬಾರಿ ಬಂದಾಗ ಅದು ನಕಲೋ ಇಬ್ಬರು ವ್ಯಕ್ತಿಗಳೋ ಎಂಬುದನ್ನು ಯಾರು, ಹೇಗೆ ತೀರ್ಮಾನಿಸಬೇಕು? ಪಟ್ಟಿ ಬರೆಯುವಾಗಲೇ ಯಾವ ಕಾಲಮ್ಮನ್ನು ಇಟ್ಟಿದ್ದರೆ ಈ ಪ್ರಶ್ನೆ ಏಳುತ್ತಿರಲಿಲ್ಲ?

ಉತ್ತರಗಳನ್ನು ಪರಸ್ಪರ ಚರ್ಚಿಸಿದ ಮೇಲೆ, ಪ್ರತಿಯೊಬ್ಬರೂ ತಮ್ಮ ಕಚೇರಿಯ ಹಳೆಯ ಪಟ್ಟಿಯೊಂದರ ಪ್ರತಿಯನ್ನು ಮಾಡಿಕೊಂಡು ಅದರ ಮೇಲೆ ಪ್ರೋಗ್ರಾಮನ್ನು ಎರಡು ಬಾರಿ ನಡೆಸಿ ನೋಡತಕ್ಕದ್ದು. ಎರಡನೆಯ ಬಾರಿಗೆ 'ಹೊಸವು 0' ಎಂದು ಬಂದು, ಮೊತ್ತವು ಚಲನ್‌ಗೆ ತಾಳೆಯಾದರೆ ಪಾಠವು ಕೈಗೆ ಬಂದಂತೆ.